ಹಾಲಿನ ಪುಸ್ತಕ

ವರ್ತೂರು
14-11-2024, ಗುರುವಾರ

ಚಿ. ಸೌ. ವೇಣಿಗೆ,

ಕೋರ್ಟು ಇನ್ನೂ ವಿಚ್ಛೇದನದ ತೀರ್ಪು ಕೊಟ್ಟಿಲ್ಲವಾದ್ದರಿಂದ ಸೌ. ಎಂದೇ ಬರೆದಿದ್ದೇನೆ, ಬೇರೆ ಅರ್ಥ ಮಾಡಿಕೊಳ್ಳಬೇಡ. ಆನೇಕಲ್ಲಿನಲ್ಲಿ ನೀನೂ ನಿನ್ನ ತಂದೆತಾಯಿಯೂ ಆರೋಗ್ಯವಾಗಿದ್ದೀರೆಂದು ತಿಳಿಯುತ್ತೇನೆ. ಲಾವಣ್ಯಳ ಕೆಮ್ಮು ಹೇಗಿದೆ? ನನ್ನ ಮೊಮ್ಮಗಳಿಗೆ ಸಂಜೆಯ ಮೇಲೆ ಮೊಸರು ಕೊಡಬೇಡ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ನೀನು ಕೇಳುವವಳಲ್ಲ, ನಾನೇ ಹೇಳಿದ್ದೇನೆ. ಫೋನು ಮಾಡಲಿಲ್ಲ, ಏಕೆಂದರೆ ಈಗ ಆಡಿದ ಮಾತನ್ನೆಲ್ಲ ಹಿಡಿದಿಟ್ಟು ಕೋರ್ಟಿನಲ್ಲಿ ಕೇಳಿಸುತ್ತಾರಂತೆ. ನೀನು ಹಿಡಿದಿಡುತ್ತೀಯೋ, ನನ್ನ ಮಗ ರಾಜೇಂದ್ರ ಹಿಡಿದಿಡುತ್ತಾನೋ, ಹೇಳಲಾರೆ. ಪಕ್ಕದ ಮನೆಯ ಈಶ್ವರಮ್ಮ ನಿಮ್ಮ ಹತ್ತಿರದ ಚಂದಾಪುರಕ್ಕೆ, ಮಗಳ ಮನೆಗೆ ಹೋಗುವವಳು, ಅವಳ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ. ಲಕೋಟೆಯ ಬಾಯಿಗೆ ಅನ್ನದ ಅಗುಳು ತಿಕ್ಕಿ ಅಂಟಿಸಿ, ಮೇಲೆ ಪೆನ್ನಿನಿಂದ ಅಡ್ಡ ಗೆರೆ ಎಳೆಯುತ್ತೇನೆ. ಗೆರೆ ಒಂದಕ್ಕೊಂದು ಕೂಡದಿದ್ದರೆ ಅವಳು ಬಿಚ್ಚಿ ಓದಿದ್ದಾಳೆಂದು ತಿಳಿ.

ಈಗ ವಿಷಯ. ಮಂಗಳವಾರ ನೀವಿಬ್ಬರೂ ಕೋರ್ಟಿಗೆ ಹೋಗಬೇಕು. ಒಂದೇ ಸಲಕ್ಕೆ ಐದು ಲಕ್ಷ ಜೀವನಾಂಶ ಕೊಡುತ್ತೇನೆ, ಹಿತ್ತಿಲಿನ ನಾಲ್ಕು ಬಾಡಿಗೆ ಮನೆಗಳಲ್ಲಿ ತನಗೇನೂ ಬೇಡವೆಂದು ಅವಳು ಬರೆದುಕೊಡಲಿ ಎನ್ನುತ್ತಾನೆ ರಾಜೇಂದ್ರ. ಆ ಮನೆಗಳು ಎದ್ದಿದ್ದೇ ನಿನ್ನ ಹಸುಗಳ ಹಾಲಿನಿಂದ ಎನ್ನುತ್ತೀಯ ನೀನು. ನೀನು ಒಪ್ಪದಿದ್ದರೆ ನನ್ನನ್ನು ಸಾಕ್ಷಿಗೆ ಕರೆಯುತ್ತಾರಂತೆ. ಭಾನುವಾರ ಅವನ ವಕೀಲ ಪಂಚಾಕ್ಷರಿ ಬಂದು ಜಗಲಿಯ ಮೇಲೆ ಕೂತು ಪಾಠ ಹೇಳಿಕೊಟ್ಟ. "ಹಸುಗಳೆಲ್ಲ ನನ್ನವು, ಸೊಸೆ ಒಂದು ಕಡ್ಡಿ ಎತ್ತಿಟ್ಟೋಳಲ್ಲ ಅಂದ್ಬಿಡಿ ಅಮ್ಮಾ, ಸಾಕು. ಮಿಕ್ಕಿದ್ದು ನಾನ್ ನೋಡ್ಕೋತೀನಿ" ಎಂದ. "ಅವಳು ಎತ್ತಿದ್ದು ಕಡ್ಡಿ ಅಲ್ಲ ಸಾರ್, ಸಗಣಿ" ಎಂದೆ. ಅವನು ನಕ್ಕ, ರಾಜೇಂದ್ರ ನಗಲಿಲ್ಲ.

ಹನ್ನೆರಡು ವರ್ಷದ ಹಿಂದೆ ಮದುವೆಯಾದ ವಾರಕ್ಕೆ ನಿನ್ನ ತಂದೆ ಬಳುವಳಿಯೆಂದು ಕೆಂಚಿಯನ್ನು ಟೆಂಪೋದಲ್ಲಿ ಕಳಿಸಿದ್ದು ನಾನು ಮರೆತಿಲ್ಲ. ಬಳುವಳಿ ಹಸು ಸೊಸೆಯದು, ಅದು ಈದ ಕರುವೂ ಸೊಸೆಯದೇ, ಕರು ಹಸುವಾಗಿ ಕರೆದ ಹಾಲೂ ಸೊಸೆಯದೇ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಆದರೆ ಅವು ತಿಂದ ಸೀಮೆಹುಲ್ಲು ನನ್ನ ಹೊಲದ್ದು, ಕಟ್ಟಿದ ಕೊಟ್ಟಿಗೆ ನನ್ನದು. ಅದನ್ನು ನಿನ್ನ ವಕೀಲರಿಗೆ ಹೇಳಿದ್ದೀಯೋ ಇಲ್ಲವೋ, ನನಗೆ ಅನುಮಾನವೇ. ಯಾರದೆಷ್ಟು ಎಂದು ತಿಳಿಯಬೇಕಾದರೆ ಹಾಲಿನ ಪುಸ್ತಕ ಬೇಕು. ನಿನ್ನ ಹೆಸರಿನಲ್ಲಿದ್ದ ಆ ಪುಸ್ತಕದಲ್ಲಿ ಎರಡು ಹೊತ್ತಿನ ಹಾಲೂ, ಹದಿನೈದು ದಿನಕ್ಕೊಮ್ಮೆ ನೀನು ಎಣಿಸಿಕೊಂಡ ದುಡ್ಡೂ ಇತ್ತು. ಊರ ಹಾಲಿನ ಸಂಘ ಮುಚ್ಚಿ ಮೂರು ವರ್ಷವಾಯಿತು. ಬೇರೆ ಗುರುತು ಎಲ್ಲೂ ಇಲ್ಲ.

ಹೋದ ವರ್ಷ ನೀನು ಮನೆ ಬಿಟ್ಟ ದಿನವೇ ಅದು ಬೀರುವಿನಲ್ಲಿರಲಿಲ್ಲ. ನಾನು ಬೀದಿಗೆ ಬಂದು, ಎಲ್ಲರಿಗೂ ಕೇಳುವಂತೆ ನಿನ್ನನ್ನು ಕಳ್ಳಿ ಎಂದೆ. ಆಟೋದಲ್ಲಿ ಒಂದು ಕಾಲಿಟ್ಟುಕೊಂಡು ನೀನು, "ಕದಿಯೋಳಾಗಿದ್ರೆ ಅತ್ತೆ, ಹಸೂನೇ ಹೊಡ್ಕೊಂಡು ಹೋಗ್ತಿದ್ದೆ" ಎಂದೆ. ಆ ಮಾತು ಇನ್ನೂ ಚುಚ್ಚುತ್ತದೆ, ಆದರೆ ನಂಬಿಕೆ ಬಂದಿಲ್ಲ. ಪುಸ್ತಕ ನಿನ್ನಲ್ಲಿದ್ದರೆ ಮಂಗಳವಾರದೊಳಗೆ ತೋರಿಸು. ನಾನು ಎಸ್ಸೆಸ್ಸೆಲ್ಸಿ ಓದಿದವಳು. ಕಣ್ಣಿನಿಂದ ಓದದ್ದಕ್ಕೆ ಪ್ರಮಾಣ ಮಾಡುವುದಿಲ್ಲ.

ಮಗನ ಮೇಲೂ ನನಗೆ ಸಮಾಧಾನವಿಲ್ಲ. ನಾನು ಕೇಳದಿದ್ದರೂ ಮೂರು ಸಲ, "ಪುಸ್ತಕ ಅವಳೇ ತಗೊಂಡೋಗವ್ಳೆ ಕಣಮ್ಮ" ಎಂದು ಹೇಳಿದ್ದಾನೆ. ಈಗ ಭಕ್ತಿ ಬೇರೆ ಬಂದಿದೆ. ಒಡೆದ ದೇವರ ಪಟಗಳನ್ನು ನೀರಿಗೆ ಬಿಡಲೆಂದು ಗಂಟು ಕಟ್ಟಿ ಅಟ್ಟದ ಮೇಲಿಟ್ಟಿದ್ದೆನಲ್ಲ, ನಮ್ಮ ಕೆರೆಯ ಕೊಳಚೆ ನೊರೆಗೆ ದೇವರನ್ನು ಹಾಕಲು ಮನಸ್ಸು ಬಾರದೆ ಎರಡು ವರ್ಷದಿಂದ ಅದು ಅಲ್ಲೇ ಇದೆ. ದೀಪಾವಳಿಯ ದಿನ ಇವನು, "ಆ ಗಂಟು ಕೊಡಮ್ಮ, ಶ್ರೀರಂಗಪಟ್ಟಣಕ್ಕೆ ಹೋಗಿ ಕಾವೇರೀಲಿ ಬಿಟ್ಬತ್ತೀನಿ" ಎಂದ. ಹಬ್ಬದಲ್ಲೂ ದೀಪಕ್ಕೆ ಕೈ ಮುಗಿಯದವನು. ನ್ಯಾಯಾಧೀಶರ ಮುಂದೆ ದೈವಭಕ್ತನಂತೆ ಕಾಣಲೆಂದು ಪಂಚಾಕ್ಷರಿ ಹೇಳಿಕೊಟ್ಟಿರಬೇಕು. ನಾನು ಕೊಡಲಿಲ್ಲ. ಆಮೇಲೂ ಎರಡು ಸಲ ಕೇಳಿದ.

ಕೆಂಚಿಯ ಮೊಮ್ಮಗಳು ಗಬ್ಬವಾಗಿದೆ, ಲಾವಣ್ಯಳಿಗೆ ಹೇಳು. ಮಗುವಿಗೆ ನನ್ನ ಆಶೀರ್ವಾದ. ನಿನ್ನ ತಾಯಿಗೆ ಕೇಳಿದೆನೆಂದು ತಿಳಿಸು. ನಿನಗೆ ಏನು ಹರಸಬೇಕೋ ತೋಚುತ್ತಿಲ್ಲ, ದೇವರು ಒಳ್ಳೆಯ ಬುದ್ಧಿ ಕೊಡಲಿ.

ಅನುಸೂಯಮ್ಮ

ಮರೆತ ಮಾತು: ಈಶ್ವರಮ್ಮ ಬಾಗಿಲಲ್ಲಿ ನಿಂತಿದ್ದಾಳೆ. ಗಂಟಿನ ವಿಷಯ ಬರೆದ ಮೇಲೆ ಮನಸ್ಸು ತಡೆಯದೆ ಅಟ್ಟದಿಂದ ಇಳಿಸಿ ಬಿಚ್ಚಿದೆ. ಒಡೆದ ಲಕ್ಷ್ಮಿಪಟದ ಹಿಂದೆ ಪುಸ್ತಕವಿದೆ. ವರ್ಷವರ್ಷವೂ ಆಯುಧಪೂಜೆಗೆ ಅದಕ್ಕೆ ನಾನು ಕುಂಕುಮ ಹಚ್ಚುತ್ತಿದ್ದೆನಲ್ಲ, ಅದಕ್ಕೇ ಸುಡಲು ರಾಜೇಂದ್ರನಿಗೆ ಕೈ ಬಂದಿಲ್ಲ, ಇಲ್ಲಿ ಬಚ್ಚಿಟ್ಟಿದ್ದಾನೆ. ದೇವರ ಜೊತೆಗೆ ಹೊಳೆಗೆ ಹೋದರೆ ಪಾಪವಿಲ್ಲವೆಂದುಕೊಂಡಿದ್ದಾನೆ. ಅವನು ಏನು ಮಾಡಲಾರನೆಂದು ಹೆತ್ತವಳಿಗೆ ಗೊತ್ತಿರಬೇಕಾಗಿತ್ತು. ಹಾಳೆಗಳೆಲ್ಲ ಇವೆ, ಪ್ರತಿ ಹಾಳೆಗೂ ನಿನ್ನ ಸಹಿಯಿದೆ. ಮಂಗಳವಾರ ಅವರು ಮುಂದಿಡುವ ಕಾಗದಕ್ಕೆ ಸಹಿ ಹಾಕಬೇಡ. ಪುಸ್ತಕವನ್ನು ಈಶ್ವರಮ್ಮನ ಕೈಲಿ ಕಳಿಸುವುದಿಲ್ಲ, ನಿನ್ನ ಕೈಗೂ ಕೊಡುವುದಿಲ್ಲ, ಮಡಿಲಲ್ಲಿ ಕಟ್ಟಿಕೊಂಡು ನಾನೇ ಬರುತ್ತೇನೆ. ಹುಲ್ಲು ನನ್ನದೆಂದು ಹೇಳುತ್ತೇನೆ, ಹಸು ನಿನ್ನದೆಂದೂ ಹೇಳುತ್ತೇನೆ. ಅವತ್ತು ಬೀದಿಯಲ್ಲಿ ಅಂದ ಮಾತಿಗೆ ಬೀದಿಯಲ್ಲಿ ನಿಂತು ತಪ್ಪಾಯಿತೆನ್ನುವುದು ನನ್ನಿಂದಾಗದು. ಕೋರ್ಟಿನಲ್ಲಿ ಹೇಳುತ್ತೇನೆ. ಅಲ್ಲಿ ಬರೆದುಕೊಳ್ಳುತ್ತಾರೆ.