ಜೀಪಿನ ಮುಂದಿನ ಶಾಫ್ಟು

ಜೂನ್ 9, ಸೋಮವಾರ

ಇವತ್ತೂ ಜೀಪಿನ ಫೋರ್ ವೀಲ್ ಲಿವರ್ ಹಾರಿತು. ಏರು ಅರ್ಧ ಹತ್ತಿದ ಮೇಲೆ, ಟಕ್ ಅಂತ ಬಿಟ್ಟುಕೊಂಡಿತು, ಮುಂದಿನ ಚಕ್ರಕ್ಕೆ ಎಳೆತ ಇಲ್ಲ. ಹಿಂದೆ ಗೊಬ್ಬರದ ಲೋಡು. ಹಿಂದಿನ ಚಕ್ರ ಕೆಸರು ಎರಚುತ್ತಾ ಅಲ್ಲೇ ಸುತ್ತಿತು. ಕರಿಯಣ್ಣ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಹಳೇ ಸೈಕಲ್ ಟ್ಯೂಬ್ ಸೀಳಿ ಲಿವರನ್ನು ಸೀಟಿನ ಕಾಲಿಗೆ ಬಿಗಿದೆ.

"ಹೋರಿ ಕಟ್ಟಿದ ಹಾಗೆ ಕಟ್ಟಿದ್ರಲ್ಲ ಅಮ್ಮ" ಅಂದ. ತೋಟದ ಕೆಲಸಕ್ಕೆ ಬರುವವನು. ಈಗ ಅರ್ಧ ದಿನ ಜೀಪು ದೂಡುವುದೇ ಕೆಲಸ.

ಮನೆವರೆಗೆ ಬಂತು. ಇವರು ಜಗುಲಿಯ ಮಂಚದಿಂದ ಕೂಗಿದರು. "ಕ್ಲಚ್ ಸುಟ್ಟ ವಾಸನೆ ಬರ್ತಿದೆ!" ಲೋಡು ಬಂದದ್ದು ಕಾಣಲಿಲ್ಲ. ವಾಸನೆ ಮಾತ್ರ ಬಂತು.

ಬೆನ್ನಿನ ಡಿಸ್ಕ್ ಜಾರಿ ಇವರು ಮಲಗಿದ ಮೇಲೆ ಗಾಡಿ ನನ್ನ ಪಾಲಿಗೆ. ಕೆರೆಕಟ್ಟೆ ರಸ್ತೆಯಿಂದ ಮೇಲಕ್ಕೆ ಆಟೋ ಬರಲ್ಲ, ಆಂಬುಲೆನ್ಸ್ ಬರಲ್ಲ. ಇದೊಂದೇ ಬರುವುದು.

ಜೂನ್ 12

ಟ್ಯೂಬು ಸಾಲದು. ಬೋಲ್ಟ್ ಬಿಚ್ಚಿ ನೋಡಿದರೆ ಲಿವರ್ ಹಿಡಿಯುವ ಸ್ಪ್ರಿಂಗ್ ಸವೆದು ಚಪ್ಪಟೆ. ಶೃಂಗೇರಿಯ ಅಂಗಡಿಯವನು — "ಯಾರಾದ್ರೂ ಗಂಡಸರನ್ನ ಕಳಿಸಿ ಮೇಡಂ, ಎಂತ ಬೇಕು ಅಂತ ಸರಿಯಾಗಿ ಹೇಳಲಿ." ಹಳೇ ಸ್ಪ್ರಿಂಗ್ ಅವನ ಮೂಗಿನ ಮುಂದೆ ಹಿಡಿದು ನಿಂತಿದ್ದೆ. ವಾಪಸ್ ಬಂದೆ.

ಔಷಧಿ ಹೊಡೆಯುವ ಹಳೇ ಪಂಪಿನ ಸ್ಪ್ರಿಂಗ್ ಕತ್ತರಿಸಿ ಹಾಕಿದೆ. ಹಿಡಿಯಿತು!

ಜೂನ್ 17

ಈಗ ಮುಂದಿನ ಚಕ್ರಕ್ಕೆ ಎಳೆತ ಕೊಡುವ ಶಾಫ್ಟ್ ಕಟಕಟ. ಅದರ ತುದಿಯ ಕೀಲು, ಕ್ರಾಸ್, ಸವೆದು ಹೋಗಿದೆ. ಜಯಪುರದ ಗುಜರಿಯಲ್ಲಿ ಒಂದು ಸಿಕ್ಕಿತು, ಆದರೆ ಕೂರುವಲ್ಲಿ ಕೂದಲೆಳೆ ಲೂಸ್. ಎಣ್ಣೆ ಡಬ್ಬದ ತಗಡು ಕತ್ತರಿಸಿ, ಸುತ್ತ ಕೊಟ್ಟು, ಬಡಿದು ಕೂರಿಸಿದೆ. ಗೋಣಿ ಹಾಸಿ ಗಾಡಿ ಕೆಳಗೆ ಮಲಗಿ ಬೆನ್ನೆಲ್ಲ ಒದ್ದೆ. ಕಣ್ಣಿಗೆ ಗ್ರೀಸು.

ಒಂದು ಸುತ್ತು ಓಡಿಸಿಕೊಂಡು ಬಂದೆ. ಇವರು ಕಿವಿಗೊಟ್ಟು ಕೇಳಿದರು. "ಸದ್ದು ನಿಂತಿದೆ" ಅಂದರು.

ಮದುವೆಯಾದ ಮೇಲೆ ಈ ಬಾಯಿಂದ ಬಂದ ದೊಡ್ಡ ಹೊಗಳಿಕೆ ಇದೇ ಇರಬೇಕು. ನಾಚಿಕೆ ಬಿಟ್ಟು ಖುಷಿಪಟ್ಟೆ.

ಜೂನ್ 22, ಭಾನುವಾರ

ಸುಂದರೇಶ್ ಭಾವ ಬಂದಿದ್ದರು. ಇವರ ಅಣ್ಣ, ಕೊಪ್ಪದಲ್ಲಿ ಮನೆ. ತಮ್ಮ ಹೇಗಿದ್ದಾನೆ ಅಂತ ಕೇಳಿ ತಿಂಗಳುಗಳಾಗಿದ್ದವು. ನಾನು ಏರು ಹತ್ತಿಸುವಾಗ ಕೆಳಗೆ ಕಾರು ನಿಲ್ಲಿಸಿ ನೋಡ್ತಿದ್ದರಂತೆ.

"ಭಾರೀ ಹತ್ತತ್ತಲ್ಲ ಮಾರಾಯ್ತಿ! ಫೋರ್ ವೀಲ್ ಸತ್ತಿದೆ ಅಂದಿದ್ನಲ್ಲ ಸತೀಶ?"

"ನಾನು ಸರಿ ಮಾಡಿದೆ ಭಾವ."

ಇನ್ನೊಂದು ಸಲ ಹತ್ತಿಸು ಅಂದರು. ವಿಡಿಯೋ ಮಾಡಿಕೊಂಡರು. ಹತ್ತಿಸಿದೆ, ಸರ್ಕಸ್ಸಿನವಳ ಹಾಗೆ. ಪತ್ರೊಡೆ ಮಾಡಿ ಬಡಿಸಿದೆ.

ಜೂನ್ 26

ದಡ್ಡಿ ನಾನು. ದಡ್ಡಿ.

ಭಾವನ ಫೋನು, ಇವರಿಗೆ. ಜೀಪು ಕೊಟ್ಟಾಯ್ತಂತೆ. ನರಸಿಂಹರಾಜಪುರದ ರಾಕೇಶ ಅನ್ನುವ ಹುಡುಗ, ಮಳೆಗಾಲದ ಆಫ್‌ರೋಡ್ ರ‍್ಯಾಲಿಗೆ ಹಳೇ ಜೀಪು ಹುಡುಕ್ತಿದ್ದನಂತೆ. ವಿಡಿಯೋ ನೋಡಿ ಒಪ್ಪಿದ.

ಆರ್‌ಸಿ ಭಾವನ ಹೆಸರಲ್ಲಿದೆ. ಮಾವ ತೆಗೆಯುವಾಗ ಹಿರಿಮಗ ಅಂತ... ಕೆಟ್ಟು ನಿಂತಿದ್ದಷ್ಟು ದಿನ ಆ ಹೆಸರು ಯಾರಿಗೂ ನೆನಪಿರಲಿಲ್ಲ.

"ನೀವೆಂತ ಹೇಳಿದ್ರಿ?"

"ಅಣ್ಣನ ಗಾಡಿ. ನಾನೆಂತ ಹೇಳದು?"

"ನಾಳೆ ನಿಮಗೇ ಹೆಚ್ಚುಕಮ್ಮಿ ಆದ್ರೆ ಯಾವುದ್ರಲ್ಲಿ ಕರ್ಕೊಂಡು ಹೋಗ್ಲಿ?"

ಗೋಡೆ ಕಡೆ ತಿರುಗಿದರು.

ಜೂನ್ 29

ರಾಕೇಶ ಬಂದು ನೋಡಿದ. ಇರುವುದು ಹೇಳಿಬಿಟ್ಟೆ. "ಕ್ರಾಸಿಗೆ ತಗಡು ಕೊಟ್ಟಿದೀನಿ. ನಿಧಾನಕ್ಕೆ ಹತ್ತೋಕೆ ಸಾಕು. ಹಾರಿಸಿದ್ರೆ ಶಾಫ್ಟ್ ಕಳಚತ್ತೆ."

"ತಲೆಬಿಸಿ ಮಾಡ್ಕೋಬೇಡಿ ಅಕ್ಕ. ಅದೆಲ್ಲ ಬಿಚ್ಚಿ ಬಿಸಾಡ್ತೀವಿ. ನಮಗೆ ಬಾಡಿ, ಪೇಪರ್ ಇದ್ರೆ ಸಾಕು."

ಬಿಸಾಡ್ತಾರಂತೆ. ನಗುನಗುತ್ತಾ ಹೇಳಿದ. ಒಳ್ಳೆ ಹುಡುಗನೇ — ಅದಕ್ಕೇ ಇನ್ನೂ ಸಿಟ್ಟು.

ಜುಲೈ 1

ನಾಳೆ ಭಾವ, ರಾಕೇಶ ಗಾಡಿ ಒಯ್ಯಲು ಬರ್ತಾರಂತೆ. ಮಧ್ಯಾಹ್ನ ಶಾಫ್ಟ್ ಬಿಚ್ಚಿದೆ. "ಬೇಡ ಅಮ್ಮ, ರಾದ್ಧಾಂತ ಆಗ್ತದೆ" ಅಂದ ಕರಿಯಣ್ಣ. ಆದರೂ ಇನ್ನೊಂದು ತುದಿ ಹಿಡಿದ. ಕೊಟ್ಟಿಗೆ ಪಕ್ಕ ಸೊಪ್ಪಿನ ರಾಶಿಯ ಅಡಿಗಿಟ್ಟೆವು. ಇಳಿದು ಹೋಗಲು ಹಿಂದಿನ ಚಕ್ರ ಸಾಕು ಅವರಿಗೆ.

ಕಳ್ಳತನವಾ? ಶಾಫ್ಟು ಮಾವ ತಂದದ್ದು. ಕ್ರಾಸ್ ನಾನು ತಂದದ್ದು. ಇಟ್ಟುಕೊಂಡು ಎಂತ ಮಾಡ್ತೀನಿ, ಗೊತ್ತಿಲ್ಲ. ಬಿಸಾಡೋಕೆ ಅವರಿಗೆ ಸಿಗಬಾರದು, ಅಷ್ಟೆ.

ಜುಲೈ 2

ಭಾವ ಗಾಡಿ ಕೆಳಗೆ ಬಗ್ಗಿ ನೋಡಿದರು. "ಶಾಫ್ಟ್ ಎಲ್ಲಿ?"

ಕರಿಯಣ್ಣನ ಮೇಲೆ ಹರಿಹಾಯ್ದರು. "ನಂಗೊತ್ತಿಲ್ಲ ಅಯ್ಯ" ಅಂದ, ನೆಲ ನೋಡುತ್ತಾ. ರಾಕೇಶನೇ "ಬಿಡಿ ಸಾರ್, ಇಲ್ಲದಿದ್ರೂ ನಡೀತದೆ" ಅಂದ.

"ಪೂರ್ತಿ ಗಾಡಿ ಅಂತ ಮಾತು ಕೊಟ್ಟಿದೀನಿ. ಮಾತು ಅಂದ್ರೆ ಮಾತು."

ಆಗ ಜಗುಲಿಯಿಂದ ಇವರ ದನಿ. "ಕೊಟ್ಟಿಗೆ ಹತ್ರ ನೋಡಣ್ಣ. ಸೊಪ್ಪಿನ ಅಡಿಗೆ."

ಮಂಚದಿಂದ ಕೊಟ್ಟಿಗೆ ಕಾಣತ್ತೆ ಅಂತ ಹೊಳೆದಿರಲಿಲ್ಲ. ಇವರಿಂದ ಮುಚ್ಚಿಡಬೇಕು ಅಂತಲೂ ಹೊಳೆದಿರಲಿಲ್ಲ.

ಶಾಫ್ಟನ್ನು ಗಾಡಿಯ ಹಿಂದಕ್ಕೆ ಎಸೆದರು. ಹೋದರು. ಇವರಿಗೆ ತಟ್ಟೆ ಇಟ್ಟೆ. "ನೀನು ಉಣ್ಣಲ್ವಾ?" ಅಂದರು.

ಜುಲೈ 21, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಎಂತ ಬರೆಯುವುದು, ಗೊಬ್ಬರ ತಲೆಮೇಲೆ ಹೊತ್ತದ್ದಾ?

ಶಿವಮೊಗ್ಗದ ಆಸ್ಪತ್ರೆಯಲ್ಲಿದೀನಿ. ನಿನ್ನೆ ಬೆಳಿಗ್ಗೆ ಇವರಿಗೆ ಎಡಗಾಲು ಮರಗಟ್ಟಿತು. ಮೂತ್ರ ಬರ್ತಿಲ್ಲ ಅಂದರು. ಡಾಕ್ಟರು ಫೋನಲ್ಲಿ, "ಒಂದು ನಿಮಿಷ ತಡ ಮಾಡ್ಬೇಡಿ." ಭಾವ ಫೋನ್ ಎತ್ತಲಿಲ್ಲ. ಆಂಬುಲೆನ್ಸ್ ಕೆಳಗೆ ಟಾರ್ ರಸ್ತೆಯಲ್ಲೇ ನಿಂತಿತು.

ಪ್ಲಾಸ್ಟಿಕ್ ಕುರ್ಚಿಗೆ ಬಿದಿರು ಕಟ್ಟಿ ಹೊತ್ತೆವು. ಕರಿಯಣ್ಣ ಮುಂದೆ, ಅವನ ಹೆಂಡತಿ ಭೈರಮ್ಮ ಮತ್ತು ನಾನು ಹಿಂದೆ. ಜಾರಿದಾಗ ಕುರ್ಚಿ ನೆಲಕ್ಕೆ ಕುಕ್ಕಿತು. ಇವರು ಹಲ್ಲು ಕಚ್ಚಿಕೊಂಡು ಅತ್ತರು. ಜೀಪಿದ್ದರೆ ಹತ್ತು ನಿಮಿಷದ ದಾರಿ. ಮಧ್ಯಾಹ್ನ ಆಯ್ತು ಕೆಳಗೆ ಮುಟ್ಟಲು.

ಪಾಪ ಅನ್ನಿಸಿತು. ಸಿಟ್ಟು ಮಾತ್ರ ಹೋಗಲಿಲ್ಲ. ಅದನ್ನೂ ಹೊತ್ತುಕೊಂಡೇ ಇಳಿದೆ.

ಜುಲೈ 23

ಆಪರೇಷನ್ ಆಯ್ತು. ಜೀವಕ್ಕೆ ತೊಂದರೆಯಿಲ್ಲ. ಎಡಗಾಲು ಮೊದಲಿನ ಹಾಗೆ ಬರುವುದು ಅನುಮಾನವಂತೆ. ಇನ್ನಷ್ಟು ಬೇಗ ತಂದಿದ್ದರೆ... ಅಂದರು ಡಾಕ್ಟರು. ಇವರಿಗೂ ಕೇಳಿಸಿತು.

ಸಂಜೆ ಮೆಲ್ಲಗೆ ಕರೆದರು. "ಸುಮನಾ. ಇನ್ನೊಂದು ಹಳೇ ಜೀಪು ಸಿಕ್ಕಿದ್ರೆ, ನೀನು ಸರಿ ಮಾಡ್ತೀಯಲ್ಲ?"

ಕೈ ಚಾಚಿದರು. ಹಿಡಿಯಲಿಲ್ಲ. ಮಾಡೋಕೆ ನನಗೆ ಬರ್ತದೆ, ನೀವು ಮಾತ್ರ ಮತ್ತೆ ಅಣ್ಣನ ಕಡೆಗೇ... ಅಂತ ಬಾಯಿವರೆಗೆ ಬಂತು. ಮುಖ ನೋಡಿ ನುಂಗಿದೆ. ಕೈ ಇನ್ನೂ ಹಾಸಿಗೆ ಅಂಚಿನಲ್ಲಿ ಹಾಗೇ ಇದೆ. ಇದನ್ನು ಬರೀತಾ ಕೂತಿದೀನಿ. ನಿದ್ದೆ ಬಂದಿರಬೇಕು ಅಂದ್ಕೊಂಡೆ, ಇಲ್ಲ, ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡ್ತಿದ್ದಾರೆ.