ಸೊಂಟ ಮೊದಲು, ಕೈ ಆಮೇಲೆ

೧೯೪೬, ಸೆಪ್ಟೆಂಬರ್ ೯, ಸೋಮವಾರ. ಮಳವಳ್ಳಿ

ಇವತ್ತೂ ನಮ್ಮ ಸ್ಕೂಲಿನ ಹುಡುಗಿಯರದು ಅದೇ ಹಾಡು. ಒನಕೆ ಎತ್ತಿದ ಹಾಗೆ ಬ್ಯಾಟು ಎತ್ತುತ್ತಾರೆ, ರಾಗಿ ಕುಟ್ಟಿದ ಹಾಗೆ ಕುಟ್ಟುತ್ತಾರೆ. ಚೆಂಡು ಬಂದು ಹೋಗಿರುತ್ತದೆ, ಇವರಿನ್ನೂ ನೆಲ ಕುಟ್ಟುತ್ತಿರುತ್ತಾರೆ. ಕೂಗಿ ಕೂಗಿ ಗಂಟಲು ಹರಿಯಿತು. ಬೀರಮ್ಮ ಹೇಗೋ ಒಂದು ತಗುಲಿಸಿದಳು. ಸರಿ, ಓಡೇ ಅಂದರೆ... ಬ್ಯಾಟು ಹಿಡಿದು ನೆಲ ಅಳೆಯುತ್ತಾ ಹೊರಟಳು! ಚಿನ್ನಿದಾಂಡು ಅಂದುಕೊಂಡಿದ್ದಾಳೆ, ಪುಣ್ಯಾತ್ಗಿತ್ತಿ. ನಗುವೂ ಬಂತು, ಸಿಟ್ಟೂ ಬಂತು.

ಇದೆಲ್ಲ ಅಣ್ಣನಿಂದ. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಅವನಿಗೆ. ಯುದ್ಧ ಮುಗಿದು ಅಮೆರಿಕದ ಸೋಲ್ಜರುಗಳು ಊರಿಗೆ ಹೋಗುವಾಗ ಬಿಟ್ಟುಹೋದದ್ದು ಅಂತ ಎರಡು ಬ್ಯಾಟು, ಒಂದಷ್ಟು ಚೆಂಡು, ಒಂದು ಚಿತ್ರದ ಪುಸ್ತಕ ತಂದುಕೊಟ್ಟ. ಸಾಫ್ಟ್‌ಬಾಲ್ ಅಂತೆ. ಚೆಂಡನ್ನು ಕೈ ಕೆಳಗಿನಿಂದ ಎಸೆಯಬೇಕು. ಹೊಡೆದವಳು ಬ್ಯಾಟು ಬಿಟ್ಟು ಮೂರು ಮೂಲೆ ಮುಟ್ಟಿ, ಹೊರಟ ಜಾಗಕ್ಕೇ ಓಡಿ ಬರಬೇಕು. ಆಗ ಒಂದು ಓಟ. ಅವಳಿಗಿಂತ ಮೊದಲು ಚೆಂಡು ಮೂಲೆಗೆ ಬಂದರೆ ಔಟ್. ಹೆಸರಿಗೆ ಸಾಫ್ಟು, ಬೇಲದ ಹಣ್ಣಿನ ಗಾತ್ರ, ಬೆರಳಿಗೆ ಬಿದ್ದರೆ ಗೊತ್ತಾಗುತ್ತದೆ.

ಇನ್ನೊಂದು ಬ್ಯಾಟು ಮದ್ದೂರಿನ ಚಲುವಮ್ಮನಿಗೆ ಕೊಟ್ಟಿದ್ದೇನೆ. ನನ್ನ ಹಾಗೇ ಟೀಚರು, ಮೈಸೂರಿನ ಟ್ರೈನಿಂಗಿನಲ್ಲಿ ಜೊತೆಗಿದ್ದವಳು. ಅವಳ ಹುಡುಗಿಯರು ಆಗಲೇ ಚೆನ್ನಾಗಿ ಬೀಸುತ್ತಾರಂತೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಬೀಗುತ್ತಿದ್ದಳು. ಮೈ ಉರಿಯಿತು.

ಪುಸ್ತಕದಲ್ಲಿ ಸೊಂಟ ಮೊದಲು ತಿರುಗಬೇಕು ಅಂತಿದೆ. ಸೊಂಟ ತಿರುಗಿಸಿರೇ ಅಂದೆ. ಎಲ್ಲರೂ ಬಾಯಿಗೆ ಕೈ ಅಡ್ಡ ಇಟ್ಟು ಕಿಸಕ್ಕನೆ ನಕ್ಕರು.

ಸೆಪ್ಟೆಂಬರ್ ೧೨, ಗುರುವಾರ. ಬೆಳಗ್ಗೆ

ಹೊಳೆಯಿತು! ಹಿತ್ತಿಲಲ್ಲಿ ಮುಸುರೆ ನೀರು ಚೆಲ್ಲುತ್ತಿದ್ದೆ. ದೂರದ ಬಾಳೆ ಬುಡಕ್ಕೆ ಬೀಳಲಿ ಅಂತ ಬಕೆಟ್ಟನ್ನು ಹಿಂದಕ್ಕೆ ಒಯ್ದು ಬೀಸಿದೆ... ಬೀಸಿದ ಕೈ ಹಾಗೇ ನಿಂತಿತು. ಮುಂಗಾಲು ಮೊದಲು ಹೋಗಿದೆ. ಆಮೇಲೆ ಸೊಂಟ. ಕೈ ಕೊನೆಗೆ. ಪುಸ್ತಕದ ಚಿತ್ರ ಇದೇ ಅಲ್ಲವೇ! ಈ ಹುಡುಗಿಯರೂ ದಿನಾ ಮನೆಯಲ್ಲಿ ಇದನ್ನೇ ಮಾಡುತ್ತಾರೆ. ಯಾರೂ ಕಲಿಸಿದ್ದಲ್ಲ.

ನೋಡೋಣ ಅಂತ ಇನ್ನೆರಡು ಬಕೆಟ್ ಸೇದಿ ಎಸೆದೆ. ಅವ್ವ ಬಾಗಿಲಿಗೆ ಬಂದಳು. "ಉಚ್ಚು ಇಡೀತೇನೇ ಮುದ್ದಿ? ಬಾವಿ ನೀರ್ನೆಲ್ಲ ಬಾಳೆಗೆ ಉಯ್ತಾ ಇದ್ದೀಯಲ್ಲ!"

ಹೂಂ ಕಣವ್ವ, ಹಿಡಿಯಿತು ಅಂದೆ.

ಸೆಪ್ಟೆಂಬರ್ ೧೩, ಶುಕ್ರವಾರ

ಜವಾನ ಬೋರಯ್ಯನ ಕೈಲಿ ಮೈದಾನಕ್ಕೆ ನೀರು ಹೊರಿಸಿದೆ. ಬ್ಯಾಟು ಮರೆತುಬಿಡಿ, ನೀರು ಎಸೆಯಿರಿ ಅಂದೆ. ಸೊಂಟ ಅನ್ನುವ ಮಾತೇ ಎತ್ತಲಿಲ್ಲ. ಅಬ್ಬಾ, ಏನು ಬೀಸುತ್ತಾರೆ! ನೀರು ನೆಲಕ್ಕೆ ಸಮನಾಗಿ ಹೋಗಿ ಬೀಳುತ್ತದೆ. ಆಮೇಲೆ ಒಬ್ಬೊಬ್ಬರ ಕೈಗೂ ಬ್ಯಾಟು ಕೊಟ್ಟು, ಇದರಲ್ಲೂ ನೀರಿದೆ ಅಂದುಕೊಂಡು ಎಸೆಯಿರಿ ಅಂದೆ.

ಪುಟ್ಟಮಾದಮ್ಮ ಬಂದಳು. ಪಕ್ಕದ ಹಳ್ಳಿಯಿಂದ ನಡೆದು ಬರುವ ಹುಡುಗಿ, ಹಾಜರಿ ಕೂಗಿದರೂ ಪಿಸುಗುಟ್ಟುವವಳು. ಬೀಸಿದಳು. ನಾನೆಸೆದ ಚೆಂಡು ಹುಣಸೆಮರ ದಾಟಿ ಆಚೆ ಬಿತ್ತು. ಅವಳ ಮುಖ ಬಿಳಿಚಿಕೊಂಡಿತು. "ತಪ್ಪಾಯ್ತಾ ಟೀಚ್ರಮ್ಮ?"

ತಪ್ಪಂತೆ! ತಬ್ಬಿಕೊಳ್ಳಬೇಕು ಅನ್ನಿಸಿತು. ಇನ್ನೊಂದು ಹೊಡಿಯೇ ಅಂತ ಕಿರುಚಿದೆ.

ಅಷ್ಟರಲ್ಲಿ ಅನಾಹುತ. ಬೀರಮ್ಮ ಬೀಸಿದ ನೀರು ಮೂಲೆ ತಿರುಗಿ ಬಂದ ಹೆಡ್‌ಮಿಸ್ಟ್ರೆಸ್ ಚಿಕ್ಕನಂಜಮ್ಮನವರ ಮೇಲೆ. ಇಸ್ತ್ರಿ ಸೀರೆ, ಕೊಡೆ, ಕನ್ನಡಕ, ಎಲ್ಲ ತೊಪ್ಪೆ.

"ಏನಮ್ಮಾ ಮುದ್ದಮ್ಮ, ಇದು ಸ್ಕೂಲೋ ಬಚ್ಚಲೋ?"

ಆಫೀಸಿಗೆ ಕರೆದು ತೀರ್ಪು ಕೊಟ್ಟರು. ನವೆಂಬರಿನಲ್ಲಿ ಮದ್ದೂರಿನ ಚಲುವಮ್ಮನ ಹುಡುಗಿಯರ ಜೊತೆ ಮ್ಯಾಚು ಗೊತ್ತುಮಾಡಿದ್ದೇವಲ್ಲ, ಅಲ್ಲಿ ನಗೆಪಾಟಲಾದರೆ ಬ್ಯಾಟು ಅಟ್ಟಕ್ಕೆ, ಆ ಪೀರಿಯಡ್ಡು ಹೊಲಿಗೆಗೆ. ಹೂಂ ಅಂದು ಬಂದೆ.

ಅಟ್ಟಕ್ಕೆ ಹೋಗಬಾರದು. ಹುಟ್ಟಿದಾಗಿನಿಂದ ಮೆಲ್ಲಗೆ ನಡಿ, ಮೆಲ್ಲಗೆ ಮಾತಾಡು ಅನ್ನಿಸಿಕೊಂಡೇ ಬೆಳೆದ ಮಕ್ಕಳು. ಬಲವಾಗಿ ಹೊಡಿ ಅಂತ ಇವರಿಗೆ ಹೇಳಿದವಳು ನಾನೊಬ್ಬಳೇ. ಆ ಚೆಂಡು ಮರ ದಾಟಿದಾಗ ನನಗಾದ ಸಂತೋಷ ಯಾರಿಗೆ ಹೇಳಲಿ...

ಅಕ್ಟೋಬರ್ ೪, ಶುಕ್ರವಾರ. ಆಯುಧಪೂಜೆ

ಸ್ಕೂಲಿನಲ್ಲಿ ಪೂಜೆ. ಗಂಟೆ, ಹೊಲಿಗೆ ಮಿಷನ್ನು, ಬೋರಯ್ಯನ ಗುದ್ದಲಿ. ಹೆಡ್‌ಮಿಸ್ಟ್ರೆಸ್ಸೇ ಹೇಳಿ ಬ್ಯಾಟನ್ನೂ ಇಡಿಸಿದರು. ವಿಭೂತಿ, ಕುಂಕುಮ, ಚೆಂಡುಹೂವು. ಹುಡುಗಿಯರು ಸಾಲಾಗಿ ನಿಂತು ಕೈಮುಗಿದರು. ಹೆಡ್‌ಮಿಸ್ಟ್ರೆಸ್ ಮನಸ್ಸು ಕರಗುತ್ತಿದೆ ಅಂತ ಖುಷಿಪಟ್ಟೆ.

ಅಕ್ಟೋಬರ್ ೨೧, ಸೋಮವಾರ

ರಜ ಮುಗಿಯಿತು. ಹೊಸ ತಲೆನೋವು ಶುರು.

ಪುಟ್ಟಮಾದಮ್ಮ ಹೊಡೆದಳು, ಒಳ್ಳೇ ಹೊಡೆತ. ಬ್ಯಾಟನ್ನು ಬಿಸಾಡಬೇಕಲ್ಲ, ಬಿಸಾಡುವುದಿಲ್ಲ. ಮಗು ಮಲಗಿಸಿದ ಹಾಗೆ ಕಾಲ ಬಳಿ ಮಲಗಿಸುತ್ತಾಳೆ. ಓಡಲು ಹೊರಟರೆ ಕಾಲಿಗೆ ತಗುಲುತ್ತದೆ. ತಗುಲಿತೋ, ನಿಂತಳು. ಬಗ್ಗಿದಳು. ಬ್ಯಾಟು ಮುಟ್ಟಿ ಎರಡು ಕಣ್ಣಿಗೂ ಒತ್ತಿಕೊಂಡಳು. ಆಮೇಲೆ ಓಡಿದಳು. ಅಷ್ಟರಲ್ಲಿ ಚೆಂಡು ಮೂಲೆಗೆ ಬಂದಿತ್ತು. ಔಟ್.

"ಏನೇ ಇದು?"

"ಪೂಜೆ ಮಾಡಿದ್ದಲ್ವ ಟೀಚ್ರಮ್ಮ? ಕಾಲ್ ತಗುಲ್ಸ್ಕಂಡು ಸುಮ್ನೆ ಓಯ್ತಾರಾ?"

"ಮೊದಲು ಓಡು, ಆಮೇಲೆ ಮುಟ್ಕೋ!"

"ಮನ್ಸು ತಡಿಯಾಕಿಲ್ಲ ಕಣಮ್ಮ."

ಇಡೀ ಸಾಯಂಕಾಲ ಇದೇ. ಹೊಡೆತ, ನಮಸ್ಕಾರ, ಔಟ್. ಹೆಡ್‌ಮಿಸ್ಟ್ರೆಸ್ ಹತ್ತಿರ ಹೋಗಿ ಬುದ್ಧಿ ಹೇಳಿ ಅಂದೆ. "ಮಗು ಮಾಡಿದ್ದು ಸರಿಯಾಗೇ ಇದೆ. ಆಟಕ್ಕೋಸ್ಕರ ಸಂಸ್ಕಾರ ಬಿಡು ಅಂತ ನಾನು ಹೇಳಲಾ?" ಅಂದರು.

ನವೆಂಬರ್ ೧, ಶುಕ್ರವಾರ

ದಾರಿ ಸಿಕ್ಕಿತು. ಅವಳೇ ಹುಡುಕಿಕೊಂಡಳು. ಹೊಡೆಯುವ ಮೊದಲೇ ಬ್ಯಾಟನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ಏನೇ ಅಂದರೆ, "ಆಮೇಕೆ ತಗುಲ್ತದಲ್ಲ, ಈಗ್ಲೇ ತಪ್ಪಾಯ್ತು ಅಂದ್ಬುಟ್ಟೆ." ಆಮೇಲೆ ತಗುಲಿದರೂ ನಿಲ್ಲದೆ ಓಡಿದಳು, ಕುದುರೆ!

ಉಳಿದವರೂ ಪರವಾಗಿಲ್ಲ. ಹೊಡೆಯುವಾಗ ಕಣ್ಣು ಮುಚ್ಚುತ್ತಿದ್ದರಲ್ಲ, ಚೆಂಡಿಗೆ ಸೀಮೆಸುಣ್ಣದ ಬೊಟ್ಟಿಟ್ಟು ಎಸೆಯುತ್ತೇನೆ. ಬೊಟ್ಟು ಕಂಡವಳಿಗೆ ಮಾತ್ರ ಇನ್ನೊಂದು ಚೆಂಡು. ಈಗ ಕಣ್ಣು ಬಿಟ್ಟೇ ಇರುತ್ತಾರೆ. ಚಲುವಮ್ಮ, ಬತ್ತೀವಿ ಕಣೇ, ಇರು!

ನವೆಂಬರ್ ೧೬, ಶನಿವಾರ. ಮದ್ದೂರಿನಿಂದ ಈಗ ಬಂದೆ

ಮೈಯೆಲ್ಲ ಇದ್ದಿಲ ಬಸ್ಸಿನ ಮಸಿ. ಸ್ನಾನ ಆಮೇಲೆ. ಮೊದಲು ಬರೆಯಬೇಕು.

ಹೆಡ್‌ಮಿಸ್ಟ್ರೆಸ್ ಬಂದಿದ್ದರು. ಹೊಂಗೆ ಮರದ ಕೆಳಗೆ ಕುರ್ಚಿ, ಕೊಡೆ, ಬಿಗಿದ ತುಟಿ. ಚಲುವಮ್ಮನ ಹುಡುಗಿಯರು ನಿಜವಾಗಿ ಚೆನ್ನಾಗಿ ಆಡುತ್ತಾರೆ, ಒಪ್ಪಿಕೊಳ್ಳಬೇಕು. ನಮ್ಮವರೂ ಬಿಡಲಿಲ್ಲ. ಕೊನೆಗೆ ಅವರಿಗಿಂತ ಒಂದೇ ಓಟ ಹಿಂದೆ. ಬೀರಮ್ಮ ಮೂರನೇ ಮೂಲೆಯಲ್ಲಿ. ಹೊಡೆಯಲು ಉಳಿದವಳು ಪುಟ್ಟಮಾದಮ್ಮ. ಇವಳು ಔಟಾದರೆ ಆಟ ಮುಗಿಯಿತು. ಬ್ಯಾಟೂ ಅಟ್ಟಕ್ಕೆ.

ಸುತ್ತ ಅಷ್ಟು ಜನ. ಹುಡುಗಿ ಹೆದರಿದ್ದಾಳೆ. ಬ್ಯಾಟು ಕಣ್ಣಿಗೆ ಒತ್ತಿಕೊಳ್ಳುವುದನ್ನೇ ಮರೆತಳು! ನಾನು ಕೂಗುವಷ್ಟರಲ್ಲಿ ಚೆಂಡು ಬಂತು. ಕಾಲು, ಸೊಂಟ, ಕೈ. ಎಂಥ ಹೊಡೆತ! ಚೆಂಡು ಎಲ್ಲರ ತಲೆ ಮೇಲೆ ಹೋಯಿತು. ಬ್ಯಾಟು ಮಲಗಿಸಿದಳು. ಕಾಲಿಗೆ ತಗುಲಿತು.

ನಿಂತುಬಿಟ್ಟಳು.

"ಓಡೇ!" ಅಂದೆ. ಕದಲಲಿಲ್ಲ. ಬ್ಯಾಟು ನೋಡುತ್ತಾಳೆ, ನನ್ನನ್ನು ನೋಡುತ್ತಾಳೆ, ಕಣ್ಣು ತುಂಬಿದೆ. ಬಗ್ಗಿದಳೇ ಅನ್ನುವಷ್ಟರಲ್ಲಿ ಹಿಂದಿನಿಂದ ಒಂದು ಕೂಗು. ಹೊಂಗೆ ಮರದ ಕಡೆಯಿಂದ, ಕೊಡೆ ಬಿಸಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಿಕ್ಕನಂಜಮ್ಮನವರು ಓಡಿ ಬರುತ್ತಿದ್ದಾರೆ!

"ಓಡೇ ಮುಂಡೇದೇ, ಓಡು! ನಿನ್ನ ಪಾಲಿಂದು ನಾನ್ ಮುಟ್ಕೋತೀನಿ!"

ಮಂಡಿಯೂರಿ ಕೂತರು. ಬ್ಯಾಟು ಮುಟ್ಟಿ ಎರಡು ಕಣ್ಣಿಗೂ ಒತ್ತಿಕೊಂಡರು. ಸಾಲದು ಅಂತ ಇನ್ನೊಂದು ಸಲ. ಪುಟ್ಟಮಾದಮ್ಮ ಅದನ್ನು ಕಣ್ಣಾರೆ ನೋಡಿ, ಆಮೇಲೆ ಓಡಿದಳು ನೋಡಿ...

ಬೀರಮ್ಮ ಒಳಗೆ ಬಂದಳು. ಲೆಕ್ಕ ಸಮ. ಪುಟ್ಟಮಾದಮ್ಮನನ್ನು ಕೊನೇ ಮೂಲೆಯಲ್ಲಿ ಹಿಡಿದರು. ಪರವಾಗಿಲ್ಲ. ಸಮ!

ಚಲುವಮ್ಮ ತಕರಾರು ತೆಗೆದಳು. ಅಂಪೈರು ಅವರ ಡ್ರಿಲ್ ಮೇಷ್ಟ್ರು ಮಾದಯ್ಯನವರು. ಪುಸ್ತಕ ತಿರುವಿ ತಿರುವಿ ನೋಡಿದರು. ಹೆಡ್‌ಮಿಸ್ಟ್ರೆಸ್ ನಮಸ್ಕಾರ ಮಾಡಬಾರದು ಅಂತ ಎಲ್ಲೂ ಇಲ್ಲ ಅಂದರು. ಚಲುವಮ್ಮನಿಗೇ ನಗು ತಡೆಯಲಾಗಲಿಲ್ಲ.

ಬಸ್ಸಿನಲ್ಲಿ ಧೈರ್ಯ ಮಾಡಿ ಕೇಳಿದೆ. "ಅಮ್ಮಾವ್ರೆ, ಬ್ಯಾಟು... ಅಟ್ಟಕ್ಕಾ?"

ಕಿಟಕಿಯ ಆಚೆ ನೋಡುತ್ತಲೇ ಹೇಳಿದರು. "ಅಟ್ಟದಲ್ಲಿಟ್ರೆ ಹುಳ ಹಿಡಿಯುತ್ತಮ್ಮ."

ಮುಖ ತಿರುಗಿಸಿಕೊಂಡು ಅತ್ತೆ. ಹುಡುಗಿಯರು ನೋಡಿದರೋ ಏನೋ, ನೋಡಲಿ.

ನವೆಂಬರ್ ೧೮, ಸೋಮವಾರ. ಸಂಜೆ

ಇವತ್ತು ಆಟದ ಹೊತ್ತಿಗೆ ಹೆಡ್‌ಮಿಸ್ಟ್ರೆಸ್ ಮೈದಾನಕ್ಕೆ ಬಂದರು. ಕೊಡೆ ಬೋರಯ್ಯನಿಗೆ ಕೊಟ್ಟರು. ಕನ್ನಡಕ ಬಿಗಿ ಮಾಡಿಕೊಂಡರು. "ಎಲ್ಲಿ, ಆ ದೊಣ್ಣೆ ಇತ್ತ ಕೊಡು" ಅಂದರು. ನಾನು ಕೊಟ್ಟೆ. ಒನಕೆ ಹಿಡಿದ ಹಾಗೆ ಹಿಡಿದರು!

ಪುಟ್ಟಮಾದಮ್ಮ ಹೋಗಿ, ಹೌದು ಅವಳೇ, ಅವರ ಬೆರಳು ಹಿಡಿದು ಸರಿಮಾಡಿದಳು. ಗಟ್ಟಿಯಾಗಿ ಹೇಳಿದಳು: "ಅಂಗಲ್ಲ ಅಮ್ಮಾರೆ. ಸೊಂಟ ಮೊದ್ಲು, ಕೈ ಆಮೇಕೆ. ಮುಸುರೆ ನೀರು ಎಸ್ದಂಗೆ."

ಮೆಲ್ಲಗೆ ಎಸೆದೆ. ಅವರು ಕಾಲು ಇಟ್ಟರು, ತಿರುಗಿದರು... ಸದ್ದು ಕೇಳಿತು, ಚೆಂಡು ಯಾರ ಕಣ್ಣಿಗೂ ಬೀಳಲಿಲ್ಲ. ಕತ್ತಲಾಗುವ ತನಕ ಹುಡುಕಿದೆವು. ಬೋರಯ್ಯ ಈಗ ನಮ್ಮ ಮನೆ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾನೆ. ಸಿಕ್ಕಿತಂತೆ. ಎಲ್ಲಿ ಅಂದರೆ, ಕಿಂಡಿಯಿಂದ ಒಳಗೆ ಹೋಗಿ ಸ್ಕೂಲಿನ ಅಟ್ಟದ ಮೇಲೆ ಕೂತಿತ್ತಂತೆ!