ಎರಡೂ ಎಡತೋಳು

ಮನೆಯಿಂದ,
ಮೇ ೧೪, ಭಾನುವಾರ

ಪುಟ್ಟಿಯ ಅಪ್ಪನವರಿಗೆ ಪ್ರೀತಿಯ ನಮಸ್ಕಾರಗಳು.

ಕೆಮ್ಮು ಇಳಿಯಿತೇ? ಸೇತುವೆಯ ಮೇಲಿನ ಗಾಳಿಗೆ ಕಿವಿ ಮುಚ್ಚಿಕೊಳ್ಳಿ ಎಂದರೆ ಕೇಳುವವರಲ್ಲ ನೀವು. ಬೆಸುಗೆಯ ಕಿಡಿಗೆ ಕಣ್ಣು ಕೆಂಪಾದರೆ ಒಂದು ದಿನ ರಜೆ ಹಾಕಿ. ನಾವಿಲ್ಲಿ ಚೆನ್ನಾಗಿದ್ದೇವೆ, ಅಂದರೆ ನಾನು ಚೆನ್ನಾಗಿದ್ದೇನೆ. ನಿಮ್ಮ ಮಗಳು ಮಾತ್ರ ಮೊನ್ನೆಯಿಂದ ಮುಖ ಊದಿಸಿಕೊಂಡು ಕೂತಿದ್ದಾಳೆ.

ನಡೆದದ್ದಿಷ್ಟು. ರಜೆಯಲ್ಲಿ ಸುಮ್ಮನಿರುವ ಬದಲು ನನ್ನ ಹೊಲಿಗೆ ತರಗತಿಗೆ ಬಂದಳು. ಬಂದವಳೇ ನಿಮಗೊಂದು ಅಂಗಿ ಹೊಲಿಯುತ್ತೇನೆಂದು ಹಟ ಹಿಡಿದಳು. ಮೊದಲು ದಿಂಬಿನ ಚೀಲ ಹೊಲಿಯೇ ಎಂದರೆ ಕೇಳಬೇಕಲ್ಲ, ಅಪ್ಪನ ಮಗಳು! ಕಾಲರನ್ನು ಬಿಚ್ಚಿ ಬಿಚ್ಚಿ ಕೂರಿಸಿದಳು. ಅದರ ತುದಿಗಳನ್ನು ನೀವು ನೋಡಬೇಕು, ನನ್ನ ಹಳೆಯ ವಿದ್ಯಾರ್ಥಿನಿಯರಿಗೂ ಹಾಗೆ ಬರುವುದಿಲ್ಲ. ಆದರೆ ತೋಳು ಕತ್ತರಿಸುವಾಗ ಅಳತೆಯ ಪೇಪರ್ ಕಟಿಂಗನ್ನು ಎರಡನೆಯ ತೋಳಿಗೆ ಮಗುಚಿ ಇಡುವುದು ಮರೆತು, ಎರಡನ್ನೂ ಎಡತೋಳೇ ಮಾಡಿ ಹೊಲಿದುಬಿಟ್ಟಳು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನನಗೂ ನಗು ಬಂತು, ತುಟಿ ಕಚ್ಚಿಕೊಂಡೆ.

ಯಾರ ಹೊಲಿಗೆಯನ್ನೂ ನನ್ನ ಕೈಯಾರೆ ಬಿಚ್ಚುವವಳಲ್ಲ ನಾನು. ತೊಟ್ಟಾಗ ಎಲ್ಲಿ ಬಿಗಿಯಾಗಿ ಹಿಡಿಯುತ್ತದೋ ಅಲ್ಲಿ ಸೀಮೆಸುಣ್ಣದ ಗೆರೆ ಎಳೆದು ಅವರ ಕೈಗೇ ಕೊಡುತ್ತೇನೆ. ಇವಳಿಗೂ ಹಾಗೇ ಮಾಡಿದೆ. ಕಾಲರ್ ಚೆನ್ನಾಗಿ ಕೂತದ್ದು ನೀನು ಬಿಚ್ಚಿ ಹೊಲಿದಿದ್ದರಿಂದ, ತೋಳಿಗೂ ಅದೇ ಮದ್ದು ಎಂದೆ. ಅದಕ್ಕವಳು, "ಅಪ್ಪಂಗೆ ಮಾತ್ರ ಹೇಳ್ಬೇಡಮ್ಮ, ನಾನು ಹುಟ್ಟಾ ಜಾಣೆ ಅಂತ ಎಲ್ರ ಹತ್ರ ಹೇಳ್ಕೊಂಡಿದ್ದಾರೆ" ಎಂದು ಅತ್ತುಬಿಟ್ಟಳು. ಆಮೇಲೆ ಮಷೀನಿನ ಹತ್ತಿರ ಸುಳಿದಿಲ್ಲ, ಇನ್ನು ಹೊಲಿಯುವುದೇ ಇಲ್ಲವಂತೆ. ನನಗೆ ಸಂಕಟವಾಯಿತು. ನಿಮ್ಮ ಮೇಲೆ ಸಿಟ್ಟೂ ಬಂತು, ಸುಳ್ಳೇಕೆ ಹೇಳಲಿ. ಜಾಣೆ ಜಾಣೆ ಎಂದು ನೀವು ಮುದ್ದಿನಿಂದ ಹೊರಿಸಿದ ಹೊರೆ ಅದು. ಒಂದು ತಪ್ಪಾದರೆ ಜಾಣತನವೇ ಹೋಯಿತೆಂದು ಹೆದರಿದ್ದಾಳೆ. ನಿಮ್ಮ ಬೆಸುಗೆಗೆ ಮೇಸ್ತ್ರಿ ಬರೀ ಭೇಷ್ ಎಂದು ಬೆನ್ನು ತಟ್ಟಿ ಹೋದರೆ ಸೇತುವೆ ನಿಲ್ಲುತ್ತದೆಯೇ, ನೀವೇ ಹೇಳಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅತ್ತೆ ಆಶೀರ್ವಾದ ಹೇಳಿದ್ದಾರೆ. ಸಿಗರೇಟು ಬಿಟ್ಟರೆ ಇನ್ನೊಂದು ಆಶೀರ್ವಾದ ಹೆಚ್ಚಿಗೆ ಕೊಡುತ್ತಾರಂತೆ.

ಇಂತಿ ನಿಮ್ಮ
ಮನೆಯ ಮೇಡಂ

ವಿ.ಸೂ.: ಅಂಗಿಯನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ಅವಳನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು. ತೊಟ್ಟು ನೋಡಿ. ದಯವಿಟ್ಟು ಚೆನ್ನಾಗಿದೆ ಎಂದಷ್ಟೇ ಬರೆದು ಮುಗಿಸಬೇಡಿ. ಬಲಗೈ ಎತ್ತಿದಾಗ ಎಲ್ಲಿ ಹಿಡಿಯುತ್ತದೋ ಅಲ್ಲಿ ನೀವೇ ಗೆರೆ ಎಳೆದು ಅವಳ ಹೆಸರಿಗೇ ವಾಪಸ್ ಕಳಿಸಿ. ಇನ್ನೊಂದು ತೋಳಿಗಾಗುವಷ್ಟು ಬಟ್ಟೆ ಉಳಿದಿತ್ತು. ಇವತ್ತು ಬೆಳಿಗ್ಗೆ ನೋಡುತ್ತೇನೆ, ಅದನ್ನು ಇಸ್ತ್ರಿ ಮಾಡಿ ತನ್ನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ.